ತಂದೆಯ ಉದ್ಯೋಗ: ಬಿಸಿನೆಸ್

ಇಂಟರ್ನ್‌ಶಿಪ್ ಅರ್ಜಿ ತುಂಬುವಾಗ ನನ್ನ ಕೈ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಹೆಸರು, ಯುಎಸ್‌ಎನ್, ಸಿಜಿಪಿಎ, ಬ್ಯಾಕ್‌ಲಾಗ್ ಇದೆಯೇ ಇಲ್ಲವೇ, ಇದ್ಯಾವುದಕ್ಕೂ ಯೋಚಿಸಬೇಕಿಲ್ಲ. ಆಮೇಲೆ ಬರುತ್ತದೆ ಆ ಕಾಲಂ: ‘ತಂದೆಯ ಉದ್ಯೋಗ’. ಐದು ಸೆಮಿಸ್ಟರ್‌ನಿಂದಲೂ ನಾನು ಅಲ್ಲಿ ‘ಬಿಸಿನೆಸ್’ ಎಂದೇ ಬರೆಯುತ್ತಿದ್ದೇನೆ.

ಸುಳ್ಳೇನಲ್ಲ. ಯಲಹಂಕ ಹಳೇ ಊರಿನಲ್ಲಿ ಅಪ್ಪನಿಗೆ ಎರಡು ಚೇರಿನ ಅಂಗಡಿ ಇದೆ. ಬಾಡಿಗೆ, ಕರೆಂಟ್ ಬಿಲ್, ಟ್ರೇಡ್ ಲೈಸೆನ್ಸ್ ಎಲ್ಲ ಇರುವ ಮೇಲೆ ಅದು ಬಿಸಿನೆಸ್ಸೇ. ‘ಯಾವ ಬಿಸಿನೆಸ್?’ ಎಂದು ಯಾರಾದರೂ ಕೇಳಿದರೆ ಮಾತ್ರ ನಾನು ಮಾತು ಬದಲಿಸುತ್ತೇನೆ. ನನ್ನಪ್ಪ ಕಟಿಂಗ್ ಮಾಡುತ್ತಾರೆ. ಮೂವತ್ತು ವರ್ಷದಿಂದ.

ಕಳೆದ ಬೇಸಿಗೆಯಲ್ಲಿ ತಮ್ಮನ ಸೆಕೆಂಡ್ ಪಿಯುಸಿ ರಿಸಲ್ಟ್ ಬಂತು. ಕಾಮರ್ಸ್‌ನಲ್ಲಿ ಫಸ್ಟ್ ಕ್ಲಾಸ್. ಅವನು ಫೇಲಾಗಿದ್ದರೆ ಮನೆಯಲ್ಲಿ ಅಷ್ಟು ಗಲಾಟೆ ಆಗುತ್ತಿರಲಿಲ್ಲವೇನೋ. ಅಂದು ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ, ‘ಅಪ್ಪಾ, ನಾನು ಹೇರ್ ಸ್ಟೈಲಿಸ್ಟ್ ಆಗ್ತೀನಿ.’

ಅಪ್ಪ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದು ಕೈ ತೊಳೆದರು. ‘ನಾನು ನಿಂತು ನಿಂತು ಸವೆದಿದ್ದು ಸಾಕಾಗಿಲ್ವಾ?’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಓದಿದೋನು ನೀನು. ಇವನಿಗೆ ನೀನೇ ಬುದ್ಧಿ ಹೇಳು’ ಎಂದು ಮಲಗಲು ಹೋದರು.

ಅಂದರೆ ನನಗೆ ಸಿಕ್ಕ ಕೆಲಸ ಇಷ್ಟು: ಈ ಕಸುಬಿಗೆ ಭವಿಷ್ಯ ಇಲ್ಲ ಎಂದು ತಮ್ಮನಿಗೆ ಸಾಬೀತು ಮಾಡುವುದು. ಸೆಮಿಸ್ಟರ್ ರಜೆ ಇತ್ತು, ಬೈಕ್ ಇತ್ತು. ಹೊರಟೆ.

ಅಪ್ಪನ ಕಾಲದ ಟ್ರೈನಿಂಗ್

ಮೊದಲು ಅಪ್ಪನ ಸಿಟ್ಟಿನ ಬಗ್ಗೆ ಹೇಳಬೇಕು. ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿ. ತಾತ ಮನೆ ಮನೆಗೆ ಹೋಗಿ ಕ್ಷೌರ ಮಾಡುತ್ತಿದ್ದರು. ಮದುವೆ ಬಂದರೆ ಓಲಗ ಊದುತ್ತಿದ್ದರು. ಅದಕ್ಕೆ ದುಡ್ಡು ಅಂತ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ‘ಆಯ’ ಅಂತ ಇಷ್ಟು ರಾಗಿ ಅಳೆದು ಕೊಡುತ್ತಿದ್ದರು. ಎಷ್ಟು ಎನ್ನುವುದು ಕೊಡುವವರ ಮನಸ್ಸಿಗೆ ಬಿಟ್ಟಿದ್ದು. ಆ ಕಣದಲ್ಲಿ ತಾತನ ಪಕ್ಕ ಚೀಲ ಹಿಡಿದು ನಿಂತಿದ್ದನ್ನು ಅಪ್ಪ ಇವತ್ತಿಗೂ ಮರೆತಿಲ್ಲ.

ಹದಿನೈದನೇ ವಯಸ್ಸಿಗೆ ಅಪ್ಪ ಯಶವಂತಪುರಕ್ಕೆ ಬಂದು ಸಂಬಂಧಿಕರ ಅಂಗಡಿ ಸೇರಿದರು. ಮೊದಲ ವರ್ಷ ಕೂದಲು ಗುಡಿಸುವುದು, ಟವೆಲ್ ಒಗೆಯುವುದು, ಟೀ ತರುವುದು. ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ, ನೋಡಿ ನೋಡಿ ಕಲಿತದ್ದು. ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದ ಹಾಗೆ ಬ್ಲೇಡ್ ಎಳೆಯುವುದು ಶೇವಿಂಗ್ ಪರೀಕ್ಷೆ. ಕತ್ತರಿ ಹಿಡಿದರೆ ಹೆಬ್ಬೆರಳು ಮಾತ್ರ ಆಡಬೇಕು, ಉಳಿದ ಬೆರಳು ಅಲುಗಬಾರದು. ಅದಕ್ಕೇ ತಿಂಗಳುಗಟ್ಟಲೆ ಖಾಲಿ ಗಾಳಿಯಲ್ಲಿ ಕತ್ತರಿ ಆಡಿಸಿದ್ದರಂತೆ. ಸಂಬಳ ಎಂದರೆ ಊಟ ಮತ್ತು ಊರಿಗೆ ಹೋಗುವ ಬಸ್ ಚಾರ್ಜು. ಮಾಲೀಕರು ‘ಇನ್ಮೇಲೆ ಚೇರಿಗೆ ನಿಂತ್ಕೋ’ ಎಂದ ದಿನವೇ ಅವರ ಕಾನ್ವೊಕೇಶನ್.

ಇಷ್ಟೆಲ್ಲ ಕಷ್ಟವನ್ನು ಅಪ್ಪ ಸಹಿಸಿಕೊಂಡರು. ಸಹಿಸಲಾಗದ್ದು ಬೇರೆ ಇತ್ತು. ನಮ್ಮ ಕಸುಬಿನ ಹಳೆಯ ಹೆಸರು ಬೈಗುಳವಾಗಿದೆ. ಕ್ರಿಕೆಟ್ ಮೈದಾನದಲ್ಲಿ, ನಮ್ಮ ಕ್ಲಾಸಿನಲ್ಲೂ, ಯಾರಾದರೂ ಕೆಲಸ ಕೆಡಿಸಿದರೆ ಆ ಪದ ಬರುತ್ತದೆ. ಹೇಳುವವರಿಗೆ ಅದು ತಮಾಷೆ. ಪಕ್ಕದಲ್ಲಿ ನಾನು ಕೂತಿರುತ್ತೇನೆ ಎನ್ನುವುದು ಅವರಿಗೆ ಗೊತ್ತಿಲ್ಲ, ಏಕೆಂದರೆ ನಾನು ಹೇಳಿಲ್ಲ. ಇದೆಲ್ಲ ಹಳೇ ಕಾಲದ ಮಾತು ಎನ್ನುವವರು 2020ರ ನವೆಂಬರ್ ನೆನಪಿಸಿಕೊಳ್ಳಲಿ. ನಂಜನಗೂಡು ತಾಲ್ಲೂಕಿನ ಹಲ್ಲರೆ ಗ್ರಾಮದಲ್ಲಿ, ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ತನಗೆ 50 ಸಾವಿರ ರೂಪಾಯಿ ದಂಡ, ಕುಟುಂಬಕ್ಕೆ ಬಹಿಷ್ಕಾರ ಹಾಕಿದ್ದಾರೆ ಎಂದು ಒಬ್ಬ ಕ್ಷೌರಿಕರು ದೂರಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಯಾರ ತಲೆ ಮುಟ್ಟಬೇಕು, ಯಾರದನ್ನು ಮುಟ್ಟಬಾರದು ಎಂದು ಊರು ಹೇಳುವ ಕೆಲಸದಿಂದ ಮಕ್ಕಳು ಪಾರಾಗಲಿ ಎಂದು ಒಬ್ಬ ಅಪ್ಪ ಬಯಸಿದರೆ ತಪ್ಪೇನು?

ರೋಲ್ಸ್ ರಾಯ್ಸ್ ಕಥೆ

ತಮ್ಮನ ವಿಷಯ ಕೇಳಿದ ಸಂಬಂಧಿಕರೆಲ್ಲ ಹೇಳಿದ ಹೆಸರು ಒಂದೇ: ರಮೇಶ್ ಬಾಬು. ಬೆಂಗಳೂರಿನವರಿಗೆ ಈ ಕಥೆ ಹೊಸದಲ್ಲ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು. ತಾಯಿ ಮನೆಗೆಲಸ ಮಾಡುತ್ತ, ಗಂಡನ ಅಂಗಡಿಯನ್ನು ದಿನಕ್ಕೆ 5 ರೂಪಾಯಿಗೆ ಬಾಡಿಗೆ ಕೊಟ್ಟು ಮಕ್ಕಳನ್ನು ಸಾಕಿದರು. ರಮೇಶ್ ಮನೆ ಮನೆಗೆ ಪೇಪರ್ ಹಾಕಿದರು, ಮುಂದೆ ಅಂಗಡಿಯನ್ನು ತಾವೇ ನಡೆಸಿದರು, 2011ರಲ್ಲಿ ರೋಲ್ಸ್ ರಾಯ್ಸ್ ಘೋಸ್ಟ್ ಕೊಂಡರು. ಆಮೇಲೂ ಕತ್ತರಿ ಕೆಳಗಿಡಲಿಲ್ಲ.

ತಮ್ಮನಿಗೆ ಇದು ಸ್ಫೂರ್ತಿ. ನನಗೆ ಮಾತ್ರ ಒಂದು ಅನುಮಾನ ಬಂತು. ಅವರಿಗೆ ಕೋಟಿ ತಂದುಕೊಟ್ಟದ್ದು ಕಾರು ಬಾಡಿಗೆಯ ವ್ಯವಹಾರ. ತೊಂಬತ್ತರ ದಶಕದಲ್ಲಿ ಕೊಂಡ ಒಂದು ಮಾರುತಿ ಓಮ್ನಿಯಿಂದ ಅದು ಶುರುವಾಯಿತು. ಅವರ ಛಲಕ್ಕೆ ಕೈ ಮುಗಿಯಬೇಕು. ಆದರೆ ಪಿಯುಸಿ ಮುಗಿಸಿದ ಹುಡುಗನ ಪ್ರಶ್ನೆ ಬೇರೆ: ಕತ್ತರಿಯನ್ನೇ ನಂಬಿದರೆ ಎಲ್ಲಿಯವರೆಗೆ ಹೋಗಬಹುದು?

ಕೈ ಕಲಿತದ್ದು, ಹೆಸರು ಕಲಿತದ್ದು

ಇದಕ್ಕೆ ಉತ್ತರ ಸಿಕ್ಕಿದ್ದು ಹೆಬ್ಬಾಳದಲ್ಲಿ. ಅಪ್ಪನ ಅಂಗಡಿಯಲ್ಲೇ ಕೆಲಸ ಕಲಿತು, ಈಗ ಮಾಲ್ ಒಂದರ ಸಲೂನಿನಲ್ಲಿ ಸೀನಿಯರ್ ಸ್ಟೈಲಿಸ್ಟ್ ಆಗಿರುವ ಅಣ್ಣ ಒಬ್ಬರಿದ್ದಾರೆ. ಊಟದ ಬಿಡುವಿನಲ್ಲಿ ಸಿಕ್ಕರು. ‘ನಿಮ್ಮಪ್ಪನ ಹತ್ರ ನಾನು ಕೈ ಕಲಿತೆ. ಇಲ್ಲಿಗೆ ಬಂದ್ಮೇಲೆ ಹೆಸರು ಕಲಿತೆ’ ಎಂದರು.

ನನಗೆ ಅರ್ಥವಾಗಲಿಲ್ಲ. ಟಿಶ್ಯೂ ಪೇಪರ್ ಮೇಲೆ ತಲೆಯ ಚಿತ್ರ ಬರೆದು ತೋರಿಸಿದರು. ಕೂದಲನ್ನು ಬಾಚಣಿಗೆಯಲ್ಲಿ ಎತ್ತದೆ ಇದ್ದಲ್ಲೇ ಹಿಡಿದು ಕತ್ತರಿಸಿದರೆ ಸೊನ್ನೆ ಡಿಗ್ರಿ. ಕೆಳಗೆ ಒಂದೇ ಗೆರೆ ಬರುತ್ತದೆ. 45 ಡಿಗ್ರಿ ಎತ್ತಿ ಕತ್ತರಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ತುಂಬಿಕೊಳ್ಳುತ್ತದೆ. 90 ಡಿಗ್ರಿಗೆ ಎತ್ತಿದರೆ ಲೇಯರ್. ತಲೆ ಗುಂಡಗಿರುವುದರಿಂದ ಪ್ರತಿ ಭಾಗದಲ್ಲೂ ಕೋನ ಬದಲಾಗುತ್ತದೆ. ಒದ್ದೆ ಕೂದಲು ಹಿಗ್ಗಿರುತ್ತದೆ, ಒಣಗಿದಾಗ ಮೇಲೇರುತ್ತದೆ, ಆ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ನನಗೆ ಫಸ್ಟ್ ಇಯರ್‌ನ ಎಂಜಿನಿಯರಿಂಗ್ ಗ್ರಾಫಿಕ್ಸ್ ನೆನಪಾಯಿತು. ಅದರಲ್ಲಿ ನನಗೆ ಬಂದ ಮಾರ್ಕ್ಸ್ ಇಲ್ಲಿ ಹೇಳುವುದಿಲ್ಲ.

ಬಣ್ಣ ಹಚ್ಚುವುದಂತೂ ನೇರ ಕೆಮಿಸ್ಟ್ರಿ. ಡೆವಲಪರ್ ಎನ್ನುವುದು ಹೈಡ್ರೋಜನ್ ಪೆರಾಕ್ಸೈಡ್. 10 ವಾಲ್ಯೂಮ್ ಎಂದರೆ ಶೇ 3, 20 ವಾಲ್ಯೂಮ್ ಎಂದರೆ ಶೇ 6, 40 ಎಂದರೆ ಶೇ 12. ಯಾವ ಕೂದಲಿಗೆ ಯಾವುದು, ಎಷ್ಟು ನಿಮಿಷ ಎಂದು ಗೊತ್ತಿಲ್ಲದೆ ಹಚ್ಚಿದರೆ ನೆತ್ತಿ ಸುಡುತ್ತದೆ. ಅಲರ್ಜಿ ಇದೆಯೇ ಎಂದು ನೋಡಲು 48 ಗಂಟೆ ಮೊದಲೇ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ಸ್ಟ್ರೈಟ್ನಿಂಗ್ ಮಾಡುವುದೆಂದರೆ ಕೆರಾಟಿನ್ ಪ್ರೋಟೀನಿನ ಡೈಸಲ್ಫೈಡ್ ಬಂಧಗಳನ್ನು ಒಡೆದು ಮತ್ತೆ ಕೂಡಿಸುವುದು. ಸೈನ್ಸ್ ಓದಿದ ನನಗೆ ಇದನ್ನು ಎಸ್ಸೆಸ್ಸೆಲ್ಸಿ ಓದಿದ ಆ ಅಣ್ಣ ಹೇಳಿಕೊಟ್ಟರು.

ಆಮೇಲೆ ಅವರು ಹೇಳಿದ ಮಾತು ನನ್ನನ್ನು ಸುಮ್ಮನಾಗಿಸಿತು. ಮಾಲಿಗೆ ಸೇರಿದಾಗ ಅವರಿಗೆ ಎಂಟು ವರ್ಷದ ಅನುಭವ ಇತ್ತು. ಆದರೂ ಕೊಟ್ಟಿದ್ದು ಅಸಿಸ್ಟೆಂಟ್ ಕೆಲಸ: ತಲೆ ತೊಳೆಯುವುದು, ಡ್ರೈಯರ್ ಹಿಡಿಯುವುದು. ಅಕಾಡೆಮಿಯಿಂದ ಬಂದ ಹುಡುಗ ಹುಡುಗಿಯರು ಅವರಿಗಿಂತ ಮೇಲೆ. ಕಾರಣ ಮೂರು: ಸರ್ಟಿಫಿಕೇಟ್ ಇಲ್ಲ, ಹೆಂಗಸರ ಕಟಿಂಗ್ ಗೊತ್ತಿಲ್ಲ, ಗ್ರಾಹಕರ ಜೊತೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ಬರುವುದಿಲ್ಲ. ‘ಕೈಯಲ್ಲಿ ಕಸುಬಿತ್ತು ತಮ್ಮಾ, ಕಾಗದದಲ್ಲಿ ಇರ್ಲಿಲ್ಲ’ ಎಂದರು. ಎರಡು ವರ್ಷ ಕಾದು, ಕಲಿತು ಮೇಲೆ ಬಂದರು.

ಅಸಿಸ್ಟೆಂಟ್, ಜೂನಿಯರ್, ಸ್ಟೈಲಿಸ್ಟ್, ಸೀನಿಯರ್, ಆಮೇಲೆ ಬ್ರಾಂಚಿನ ಹೊಣೆ ಅಥವಾ ಟ್ರೈನರ್. ಇದು ದೊಡ್ಡ ಸಲೂನುಗಳ ಮೆಟ್ಟಿಲು. ಹೇರ್ ಕಲರ್ ಕಂಪನಿಗಳೂ ಸಲೂನಿನವರಿಗೆ ತರಬೇತಿ ಕೊಡಲು ಕಸುಬು ಗೊತ್ತಿರುವವರನ್ನೇ ತೆಗೆದುಕೊಳ್ಳುತ್ತವೆ. ಮದುವೆ, ಸೀರಿಯಲ್, ಸಿನಿಮಾ ಕೆಲಸ ಬೇರೆ. ಲಂಡನ್ನಿನ ವಿಡಾಲ್ ಸಸೂನ್ ಬಾಲ್ಯದ ಕೆಲವು ವರ್ಷ ಅನಾಥಾಲಯದಲ್ಲಿದ್ದವರು. 14ನೇ ವಯಸ್ಸಿಗೆ ಅಂಗಡಿಯೊಂದರಲ್ಲಿ ತಲೆ ತೊಳೆಯುವ ಹುಡುಗನಾಗಿ ಸೇರಿದರು. 1954ರಲ್ಲಿ ಸ್ವಂತ ಸಲೂನ್ ತೆರೆದು, ಕಟ್ಟಡ ವಿನ್ಯಾಸದ ಗೆರೆ ಕೋನಗಳನ್ನು ಕೂದಲಿಗೆ ತಂದರು. ಇಂದು ಅಕಾಡೆಮಿಗಳು ಕೋನ ಲೆಕ್ಕ ಹಾಕಿ ಕಲಿಸುವುದರ ಹಿಂದೆ ಅವರ ದೊಡ್ಡ ಪಾಲಿದೆ. ಅವರು ಮೇಲೆ ಬಂದದ್ದು ಕತ್ತರಿಯಿಂದಲೇ.

ಎಲ್ಲಿ ಕಲಿಯುವುದು?

ಮುಂದಿನ ಎರಡು ವಾರ ನಾನು, ತಮ್ಮ ಸುತ್ತಿದ್ದೇ ಸುತ್ತಿದ್ದು. ಖಾಸಗಿ ಅಕಾಡೆಮಿಯೊಂದರ ಕೌಂಟರಿನಲ್ಲಿ ಹೇಳಿದ ಫೀಸು ನನ್ನ ಬಿಇ ಒಂದು ವರ್ಷದ ಫೀಸಿಗಿಂತ ಜಾಸ್ತಿ ಇತ್ತು. ಅಲ್ಲಿ ಕಲಿಯುತ್ತಿದ್ದವರು ಹೆಚ್ಚಿನಂಶ ಈ ಕಸುಬಿನ ಮನೆಯವರಲ್ಲ. ಅದು ತಪ್ಪಲ್ಲ, ಯಾರು ಬೇಕಾದರೂ ಕಲಿಯಲಿ. ಆದರೆ ಒಂದು ವಿಚಿತ್ರ ಕಂಡಿತು. ನಮ್ಮ ಮನೆಯಲ್ಲಿ ಬಿಟ್ಟರೆ ಸಾಕು ಎನ್ನುವ ಕೆಲಸವನ್ನು ಇನ್ನೊಬ್ಬರು ಲಕ್ಷ ಕೊಟ್ಟು, ಕರಿ ಏಪ್ರನ್ ಹಾಕಿಕೊಂಡು, ಹೆಮ್ಮೆಯಿಂದ ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತಿದ್ದರು.

ಕಡಿಮೆ ಖರ್ಚಿನ ದಾರಿಗಳೂ ಇವೆ. ಐಟಿಐಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಟ್ರೇಡ್ ಇದೆ, ಕೂದಲಿನ ಕೆಲಸವೂ ಅದರೊಳಗೇ ಬರುತ್ತದೆ. ಹೊಸೂರು ರಸ್ತೆಯಲ್ಲಿರುವ ಮಹಿಳೆಯರ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲೂ ಇದು ಇದೆ. ಆಸಕ್ತಿ ಇರುವ ಹುಡುಗಿಯರು ವಿಚಾರಿಸಬಹುದು. ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಅಸಿಸ್ಟೆಂಟ್ ಹೇರ್ ಸ್ಟೈಲಿಸ್ಟ್, ಹೇರ್ ಸ್ಟೈಲಿಸ್ಟ್ ಎಂದು ಹಂತ ಹಂತದ ಅರ್ಹತೆಗಳನ್ನು ಗೊತ್ತುಮಾಡಿದೆ.

ನಮಗೆ ಹೊಂದಿದ್ದು ರುಡ್‌ಸೆಟ್. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ಶುರು ಮಾಡಿದ ಸಂಸ್ಥೆ. ಇದೇ ಮಾದರಿಯಲ್ಲಿ ಆರ್‌ಸೆಟಿ ಎಂಬ ಹೆಸರಿನ ಕೇಂದ್ರಗಳು ದೇಶದ ಜಿಲ್ಲೆಗಳಲ್ಲಿ ಬಂದವು. ಬೆಂಗಳೂರಿನವರಿಗೆ ಹತ್ತಿರದ ರುಡ್‌ಸೆಟ್ ಕೇಂದ್ರ ನೆಲಮಂಗಲದ ಅರಿಶಿನಕುಂಟೆಯಲ್ಲಿದೆ, ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದರಾಯಿತು. ಹಳ್ಳಿಯ ಯುವಜನರಿಗೆಂದೇ ಇರುವ ಈ ಕೇಂದ್ರಗಳಲ್ಲಿ ತರಬೇತಿ, ಊಟ, ವಸತಿ ಉಚಿತ. ಬ್ಯೂಟಿ ಪಾರ್ಲರ್, ಪುರುಷರ ಸಲೂನ್ ತರಬೇತಿಗಳು ಸುಮಾರು ಒಂದು ತಿಂಗಳಿನವು. ಎಲ್ಲ ಕೇಂದ್ರದಲ್ಲೂ ಎಲ್ಲ ಬ್ಯಾಚ್ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಿ. ನಮ್ಮ ರೇಷನ್ ಕಾರ್ಡ್ ಇನ್ನೂ ಊರಿನದೇ ಆಗಿದ್ದದ್ದು ತಮ್ಮನಿಗೆ ಅನುಕೂಲವಾಯಿತು.

ಫೀಸು ಕಟ್ಟಿ ಸೇರುವವರಿಗೆ ಒಂದು ಕಿವಿಮಾತು. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎನ್ನುವ ಬೋರ್ಡ್ ನೋಡಿ ದುಡ್ಡು ಕಟ್ಟಬೇಡಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಬೋರ್ಡುಗಳನ್ನೇ ನೋಡಿದ್ದೀವಲ್ಲ! ಡಮ್ಮಿ ತಲೆ ಬಿಟ್ಟು ನಿಜವಾದ ಜನರ ಮೇಲೆ ಎಷ್ಟು ಕಟಿಂಗ್ ಮಾಡಿಸುತ್ತಾರೆ, ಸರ್ಟಿಫಿಕೇಟ್ ಕೊಡುವವರು ಯಾರು, ಕತ್ತರಿ ಕಿಟ್ಟಿನ ದುಡ್ಡು ಬೇರೆಯೇ, ಕೆಲಸ ಕೊಡಿಸಿದರೆ ಬಾಂಡ್ ಬರೆಸಿಕೊಳ್ಳುತ್ತಾರೆಯೇ ಎಂದು ಕೇಳಿ. ಹಿಂದಿನ ಬ್ಯಾಚಿನ ಇಬ್ಬರ ಜೊತೆ ಮಾತಾಡಿ.

ಕೆಲಸದ ಕಷ್ಟವನ್ನೂ ಮುಚ್ಚಿಡಬಾರದು. ದಿನಕ್ಕೆ ಹತ್ತು ಗಂಟೆ ನಿಲ್ಲಬೇಕು. ಅಪ್ಪನ ಮೀನಖಂಡದಲ್ಲಿ ನರಗಳು ಹಗ್ಗದ ಹಾಗೆ ಉಬ್ಬಿವೆ. ಸದಾ ನೀರು, ಶಾಂಪೂ, ಕೆಮಿಕಲ್ ಮುಟ್ಟುವುದರಿಂದ ಕೈ ಚರ್ಮ ಒಡೆಯುತ್ತದೆ. ಭಾನುವಾರ, ಹಬ್ಬದ ಹಿಂದಿನ ದಿನ ರಜೆ ಇಲ್ಲ. ಮೊದಲ ಒಂದೆರಡು ವರ್ಷದ ಸಂಬಳ ಹೇಳಿಕೊಳ್ಳುವಂಥದ್ದಲ್ಲ.

ಜರ್ಮನಿಯಲ್ಲಿ ಈ ಕಸುಬಿಗೆ ಮೂರು ವರ್ಷದ ತರಬೇತಿ, ಸ್ವಂತ ಸಲೂನ್ ತೆರೆಯಲು ಸಾಮಾನ್ಯವಾಗಿ ‘ಮೈಸ್ಟರ್’ ಪರೀಕ್ಷೆಯೂ ಬೇಕು. ನ್ಯೂಯಾರ್ಕಿನಲ್ಲಿ 1000 ಗಂಟೆ ಕಲಿತು ಲೈಸೆನ್ಸ್ ತೆಗೆದುಕೊಳ್ಳಬೇಕು. ವರ್ಲ್ಡ್ ಸ್ಕಿಲ್ಸ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ, 2024ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ನಡೆಯಿತಲ್ಲ, ಅದರಲ್ಲಿ ವೆಲ್ಡಿಂಗ್, ರೊಬೊಟಿಕ್ಸ್ ಜೊತೆಗೇ ಹೇರ್ ಡ್ರೆಸ್ಸಿಂಗೂ ಒಂದು ವಿಭಾಗ. ವಯಸ್ಸಿನ ಮಿತಿ 22. ನನ್ನ ವಯಸ್ಸಿನವರೇ ತಮ್ಮ ದೇಶದ ಪರವಾಗಿ ಕತ್ತರಿ ಹಿಡಿದು ನಿಲ್ಲುತ್ತಾರೆ. ನಮ್ಮಲ್ಲಿ ಕತ್ತರಿ ಹಿಡಿಯಲು ಪರೀಕ್ಷೆ ಬೇಕಿಲ್ಲ. ಬಡವರಿಗೆ ಅದು ಒಳ್ಳೆಯದೇ. ಆದರೆ ಹಾಗಾಗಿಯೇ ಮೂವತ್ತು ವರ್ಷ ಕೆಲಸ ಮಾಡಿದವರಿಗೂ ನಿನ್ನೆ ಅಂಗಡಿ ತೆರೆದವರಿಗೂ ಕಾಗದದಲ್ಲಿ ವ್ಯತ್ಯಾಸ ಇರುವುದಿಲ್ಲ.

ಅಪ್ಪನಿಗೆ ಕ್ಲಾಸು

ತಮ್ಮನಿಗೆ ದಾರಿ ಹುಡುಕುವಾಗ ಸಿಕ್ಕಿದ್ದು ಅಪ್ಪನ ದಾರಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕರೂ ಇದ್ದಾರೆ. ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಸ್ಟೈಪೆಂಡ್, ಸಲಕರಣೆಗೆ 15 ಸಾವಿರ ರೂಪಾಯಿ, ಗುರುತಿನ ಚೀಟಿ, ಸರ್ಟಿಫಿಕೇಟ್. ಶೇ 5ರ ಬಡ್ಡಿಯಲ್ಲಿ ಮೊದಲ ಕಂತು 1 ಲಕ್ಷ ರೂಪಾಯಿವರೆಗೆ, ಅದನ್ನು ತೀರಿಸಿದರೆ 2 ಲಕ್ಷದವರೆಗೆ ಸಾಲ. 18 ವರ್ಷ ತುಂಬಿರಬೇಕು, ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಕಾಮನ್ ಸರ್ವಿಸ್ ಸೆಂಟರ್‌ನಲ್ಲಿ ಹೆಸರು ನೋಂದಾಯಿಸಬಹುದು.

‘ನಂಗೆ ಟ್ರೈನಿಂಗಾ? ಸುಮ್ನಿರೋ’ ಎಂದು ಅಪ್ಪ ನಕ್ಕರು. ಅಮ್ಮ ಆಧಾರ್ ಕಾರ್ಡ್ ತೆಗೆದು ನನ್ನ ಕೈಗೆ ಕೊಟ್ಟಳು. ಕೆಲವು ತಿಂಗಳ ನಂತರ ತರಬೇತಿಗೆ ಕರೆ ಬಂತು. ಮೊದಲ ದಿನ ಮುಖ ಗಂಟು ಹಾಕಿಕೊಂಡು ಹೋದವರು ಸಂಜೆ ಬಂದು, ‘ಬ್ಲೇಡ್ ಒಬ್ಬರಿಗೊಂದು ಹಾಕ್ತಿದ್ವಿ, ಸರಿ. ಆದ್ರೆ ಮಿಷನ್ ತಲೆಗಳನ್ನೂ ಪ್ರತಿ ಸಲ ಸ್ಪ್ರೇ ಹೊಡೆದು ಒರೆಸ್ಬೇಕಂತೆ ಕಣೋ’ ಎಂದು ನನಗೇ ಪಾಠ ಮಾಡಿದರು. ಐವತ್ತು ದಾಟಿದ ಅಪ್ಪ ನೋಟ್‌ಬುಕ್ ಹಿಡಿದು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿ, ಅಂಗಡಿಯಲ್ಲಿ ಸವಿತಾ ಮಹರ್ಷಿಗಳ ಫೋಟೋ ಪಕ್ಕ ನೇತು ಹಾಕಿದ್ದಾರೆ. ಗಿರಾಕಿಗಳು ಕೇಳದಿದ್ದರೂ ಒಮ್ಮೊಮ್ಮೆ ಬಟ್ಟೆಯಿಂದ ಅದರ ಧೂಳು ಒರೆಸುತ್ತಾರೆ.

ತಮ್ಮನ ವಿಷಯದಲ್ಲಿ ಅಪ್ಪ ಒಂದು ಷರತ್ತಿನ ಮೇಲೆ ಒಪ್ಪಿದರು: ಡಿಗ್ರಿ ಬಿಡಬಾರದು. ಅವನೀಗ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಕಟ್ಟಿದ್ದಾನೆ. ತಿಂಗಳ ತರಬೇತಿ ಮುಗಿಸಿ ಆರ್.ಟಿ. ನಗರದ ಸಲೂನ್ ಒಂದರಲ್ಲಿ ಅಸಿಸ್ಟೆಂಟ್. ಇನ್ನೂ ತಲೆ ತೊಳೆಯುವ ಹಂತದಲ್ಲಿದ್ದಾನೆ, ಬೆರಳ ಸಂದಿಯಲ್ಲಿ ಚರ್ಮ ಸುಲಿದಿದೆ. ಮುಂದೆ ಏನಾಗುತ್ತಾನೋ ಗೊತ್ತಿಲ್ಲ. ಹಾಗೆ ನೋಡಿದರೆ ಬಿಇ ಮುಗಿಸಿ ನಾನು ಏನಾಗುತ್ತೇನೆ ಎನ್ನುವುದೂ ಗೊತ್ತಿಲ್ಲ.

ಮಂಗಳವಾರ ಅಂಗಡಿಗೆ ರಜೆ. ಮೊನ್ನೆ ಮಂಗಳವಾರ ತಮ್ಮನಿಗೂ ವಾರದ ರಜೆ ಸಿಕ್ಕಿತ್ತು. ಶಟರ್ ಅರ್ಧ ಎಳೆದು ನನ್ನನ್ನೇ ಚೇರಿನಲ್ಲಿ ಕೂರಿಸಿದ. ಅಪ್ಪ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದರು.

‘ಎಡಗಡೆ ಉದ್ದ ಆಯ್ತು ನೋಡು’ ಎಂದರು ಪೇಪರಿನಿಂದ ತಲೆ ಎತ್ತದೆ.

‘ಅಲ್ಲಿ ಎಲಿವೇಶನ್ ಜಾಸ್ತಿ ಆಯ್ತಪ್ಪಾ’ ಎಂದ ಇವನು.

‘ಅದೇನ್ ಹೆಸ್ರೋ. ಕೈ ಮೇಲಕ್ಕೆತ್ತಬೇಡ ಅಂತ ಹೇಳಿದ್ದು’ ಎನ್ನುತ್ತ ಎದ್ದು ಬಂದು, ತಮ್ಮನ ಮೊಣಕೈ ಹಿಡಿದು ಒಂದಿಷ್ಟು ಕೆಳಗಿಳಿಸಿದರು. ಕನ್ನಡಿಯಲ್ಲಿ ಇಬ್ಬರ ಕೈಗಳೂ ಒಟ್ಟಿಗೆ ಕಂಡವು. ಕಟಿಂಗ್ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಮಾರನೆಯ ದಿನ ಕ್ಲಾಸಿನಲ್ಲಿ ಗೆಳೆಯ ‘ಯಾರೋ ಮಗಾ ಇದನ್ನ ಮಾಡಿದ್ದು?’ ಎಂದು ನಕ್ಕ.

‘ನನ್ ತಮ್ಮ. ಅಪ್ಪನ ಅಂಗಡೀಲಿ’ ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ, ‘ಫೇಡ್ ಎಷ್ಟು ತಗೋತಾನೆ?’ ಎಂದು ಕೇಳಿದ.

ಮುಂದಿನ ಸೆಮಿಸ್ಟರ್‌ಗೆ ಪ್ಲೇಸ್‌ಮೆಂಟ್ ಅರ್ಜಿಗಳು ಶುರುವಾಗುತ್ತವೆ. ಆ ಕಾಲಂ ಮತ್ತೆ ಬರುತ್ತದೆ. ಈ ಲೇಖನ ಅಚ್ಚಾದರೆ ಕ್ಲಾಸಿನ ಉಳಿದವರಿಗೂ ಗೊತ್ತಾಗುತ್ತದೆ. ಗೊತ್ತಾಗಲಿ. ಅಂಗಡಿ ಬೆಳಿಗ್ಗೆ ಏಳಕ್ಕೆ ತೆರೆದಿರುತ್ತದೆ, ಮಂಗಳವಾರ ಬಿಟ್ಟು.